ನೀರು ಹಾಕದೆ ಬೇಯುವ ಹೀರೆ: ಆಟಿಯಿಂದ ದಸರಾವರೆಗಿನ ಬಾಣಲೆ ದಿನಚರಿ

ಹೀರೆಕಾಯಿಯ ತೂಕದಲ್ಲಿ ಶೇ 90ಕ್ಕೂ ಹೆಚ್ಚು ಬರೀ ನೀರು. ನಾವು ಆ ನೀರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಲ್ಯ ಮಾಡಿದರೆ ಮುಚ್ಚಳ ತೆಗೆದು ಆರಿಸುತ್ತೇವೆ, ತೊವ್ವೆ ಮಾಡಿದರೆ ಬೇಳೆಯೊಳಗೆ ಅದು ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ತೈವಾನ್ ಮತ್ತು ಜಪಾನಿನ ಒಕಿನಾವಾ ದ್ವೀಪಗಳ ಮನೆಗಳಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಪಾತ್ರೆಗೆ ನೀರು ಹಾಕದೆ ಹೀರೆ ಬೇಯಿಸುತ್ತಾರೆ, ಕಾಯಿ ಬಿಟ್ಟ ನೀರೇ ಸಾರು. ಇದು ತಿಳಿದ ಮೇಲೆ ತುಳುವಿನ ಆಟಿ, ಸೋಣ ತಿಂಗಳುಗಳಿಂದ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಹಿಡಿದು ದಸರಾವರೆಗೆ ಮಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಚೀನಾ, ತೈವಾನ್, ವಿಯೆಟ್ನಾಂ, ಒಕಿನಾವಾ ಅಡುಗೆಗಳನ್ನು ಒಂದೊಂದಾಗಿ ಮಾಡಿ ನೋಡಿದೆ. ಬಸಳೆ, ಗದ್ದೆ ಏಡಿ, ಮರುವಾಯಿ ಎಂಬ ಚಿಪ್ಪು, ಒಣ ಎಟ್ಟಿ (ಸಿಗಡಿ) ಎಲ್ಲ ಈ ಊರಿನ ಸಂತೆಯಲ್ಲೇ ಸಿಗುವುದರಿಂದ ಹೊರಗಿನಿಂದ ತರಿಸಿದ್ದು ಬಹಳ ಕಡಿಮೆ.

ಸರಿಪಡಿಸಬೇಕಾದ ದೋಷ ಎರಡು. ಮನೆಯಲ್ಲಿ ಚೈನೀಸ್ ಶೈಲಿ ಎಂದು ಹೀರೆ ಹುರಿದರೆ ಹಸಿರು ಹೋಗಿ ಬೂದಿ ಬಣ್ಣ ಬರುತ್ತದೆ. ಬಡಿಸಿದ ಮೇಲೆ ತಟ್ಟೆಯ ತಳದಲ್ಲಿ ರುಚಿಯಿಲ್ಲದ ನೀರು ನಿಲ್ಲುತ್ತದೆ.

ಆಟಿ: ಕಾಯಿ

ಎರಡು ಜಾತಿ ಬೇಕು. ಉದ್ದಕ್ಕೆ ಹತ್ತು ಏಣುಗಳಿರುವ ನಮ್ಮ ಮಾಮೂಲಿ ಹೀರೆ ಒಂದು, ಮೈ ನುಣುಪಾದ ತುಪ್ಪದ ಹೀರೆ ಇನ್ನೊಂದು. ಬಳ್ಳಿ ನೋಡಿದರೆ ಒಂದೇ ಮನೆಯವು ಅನ್ನಿಸುತ್ತದೆ, ಹೂ ಅರಳುವ ಹೊತ್ತು ಮಾತ್ರ ಬೇರೆ. ಏಣಿನ ಹೀರೆ ಸಂಜೆ ಅರಳಿದರೆ ತುಪ್ಪದ ಹೀರೆ ಬೆಳಿಗ್ಗೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯವರಿಗೆ ಏಣಿನದೇ ಬೇಕು. ಒಕಿನಾವಾದ ಅಡುಗೆಗೆ ನುಣುಪಿನದು. ತೈವಾನಿನಲ್ಲಿ ಎರಡೂ ಉಂಟು, ಏಣಿನದಕ್ಕೆ ಪೆಂಗ್‌ಹು ದ್ವೀಪ ಹೆಸರುವಾಸಿ. ಒಲೆಯ ಮೇಲೆ ಇವುಗಳ ಗುಣವೂ ಬೇರೆ. ಏಣಿನದು ಬೆಂದರೂ ಹಲ್ಲಿಗೆ ಸ್ವಲ್ಪ ಸಿಗುತ್ತದೆ, ಬಣ್ಣ ತಡೆಯುತ್ತದೆ. ತುಪ್ಪದ ಹೀರೆ ಬೇಗ ಮೆತ್ತಗಾಗಿ ಜಾರುತ್ತದೆ, ನೀರು ಧಾರಾಳ ಬಿಡುತ್ತದೆ, ಬೇಗ ಕಪ್ಪಾಗುತ್ತದೆ. ಹಾಗಾಗಿ ಬೇಗ ಬಾಡಿಸುವುದಕ್ಕೆ, ಹಬೆಗೆ ಏಣಿನದು. ಮುಚ್ಚಿ ಬೇಯಿಸುವುದಕ್ಕೆ, ಸಾರಿಗೆ ನುಣುಪಿನದು ಎಂದು ಇಟ್ಟುಕೊಂಡೆ. ಮೊಟ್ಟೆಗೆ ಯಾವುದಾದರೂ ಆಗುತ್ತದೆ.

ಆರಿಸುವಾಗ ಕಣ್ಣಿಗಿಂತ ಕೈ ನಂಬಬೇಕು. ಗಾತ್ರಕ್ಕೆ ತಕ್ಕ ಭಾರ ಇರಬೇಕು, ತೊಟ್ಟಿನ ಹತ್ತಿರ ಉಗುರು ಸಲೀಸಾಗಿ ಇಳಿಯಬೇಕು. ಹಗುರವಾಗಿದ್ದು ಒತ್ತಿದರೆ ಸ್ಪಂಜಿನ ಹಾಗೆ ಪುಟಿಯುವ ಕಾಯಲ್ಲಿ ನಾರು ಕಟ್ಟಲು ಶುರುವಾಗಿದೆ ಎಂದೇ ಅರ್ಥ. ಅದು ಬಚ್ಚಲಿಗೆ ಸರಿ, ಬಾಣಲೆಗೆ ಬೇಡ. ನಮ್ಮ ತರಕಾರಿ ಅಕ್ಕ ಕಾಯಿ ಬಗ್ಗಿಸಿ ನೋಡಲು ಬಿಡುವುದಿಲ್ಲ. "ಮುರಿದ್ರೆ ನೀವೇ ತಗೊಳ್ಬೇಕು ಅಣ್ಣ" ಎನ್ನುತ್ತಾರೆ. ನ್ಯಾಯವೇ.

ಹೆಚ್ಚುವ ಮೊದಲು ಪ್ರತಿ ಕಾಯಿಯಿಂದಲೂ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ ನೋಡಿ ಉಗುಳಬೇಕು. ಸೋರೆ, ಸೌತೆ, ಹೀರೆ ಎಲ್ಲವೂ ಒಂದೇ ಕುಟುಂಬ. ಇವುಗಳಲ್ಲಿ ಅಪರೂಪಕ್ಕೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಜಾಸ್ತಿಯಾಗುವುದುಂಟು. ಬೇಯಿಸಿದರೂ ಅದು ಹೋಗುವುದಿಲ್ಲ, ವಾಂತಿ ಭೇದಿ ಹಿಡಿಸುತ್ತದೆ. ಕಹಿ ಎನಿಸಿದರೆ ಇಡೀ ಕಾಯಿ ಗೊಬ್ಬರದ ಗುಂಡಿಗೆ. ಹಾಗಲ ತಿನ್ನುವವರಿಗೆ ಕಹಿ ಎಂದರೆ ಸಲಿಗೆ ಜಾಸ್ತಿ, ಆದರೆ ಇಲ್ಲಿ ಆ ಸಲಿಗೆ ಬೇಡ.

ಸಿಪ್ಪೆಯಲ್ಲಿ ಒಂದು ಚಿಕ್ಕ ಕೆಲಸ. ಏಣಿನ ಹೀರೆಗೆ ಏಣು ಮಾತ್ರ ಹೆರೆದು ನಡುವಿನ ಹಸಿರು ಪಟ್ಟೆ ಉಳಿಸಬೇಕು. ತುಪ್ಪದ ಹೀರೆ ಎಳೆಯದಾಗಿದ್ದರೆ ಚಾಕುವಿನ ಬೆನ್ನಿನಿಂದ ಕೆರೆದರೆ ಸಾಕು. ದಪ್ಪ ಸಿಪ್ಪೆ ತೆಗೆದಷ್ಟೂ ಬಣ್ಣ ಕಸದಬುಟ್ಟಿಗೆ ಹೋಗುತ್ತದೆ. ಹೆರೆದದ್ದನ್ನು ಅಮ್ಮ ಎದುರಿಂದಲೇ ಎತ್ತಿಕೊಂಡು ಹೋದರು, ಚಟ್ನಿಗೆ.

ಆಟಿ: ಬಣ್ಣದ ಪರೀಕ್ಷೆ

ಒಂದೇ ತುಪ್ಪದ ಹೀರೆಯನ್ನು ನಾಲ್ಕು ಪಾಲು ಮಾಡಿದೆ. ಮೊದಲನೆಯದನ್ನು ಹೆಚ್ಚಿ ಅರ್ಧ ಗಂಟೆ ತಟ್ಟೆಯಲ್ಲಿ ಬಿಟ್ಟು ಸ್ಟೀಲ್ ಬಾಣಲೆಗೆ ಹಾಕಿದೆ. ಎರಡನೆಯದನ್ನು ಹೆಚ್ಚಿದ ಕೂಡಲೇ ಜೋರು ಉರಿಯಲ್ಲಿದ್ದ ಸ್ಟೀಲ್ ಬಾಣಲೆಗೆ, ಮೂರನೆಯದನ್ನು ಅದೇ ಥರ ಕಬ್ಬಿಣದ ಬಾಣಲೆಗೆ. ನಾಲ್ಕನೆಯದಕ್ಕೆ ಉಪ್ಪು, ಎಣ್ಣೆ ಬಿದ್ದ ಕುದಿನೀರಿನಲ್ಲಿ ಅರ್ಧ ನಿಮಿಷದ ಮುಳುಗು, ಆಮೇಲೆ ತಣ್ಣೀರು, ಕೊನೆಗೆ ಬಾಣಲೆ.

ಕಬ್ಬಿಣದ್ದು ಎಲ್ಲಕ್ಕಿಂತ ಕಪ್ಪು, ಬಾಡಿಸುತ್ತಿದ್ದಾಗಲೇ ಅಂಚಿಗೆ ಮಸಿ ಬಣ್ಣ ಏರಿತು. ಅರ್ಧ ಗಂಟೆ ಬಿಟ್ಟದ್ದು ಕಂದು. ಕುದಿನೀರಲ್ಲಿ ಅದ್ದಿದ್ದು ಒಳ್ಳೆ ಹಸಿರು, ಕೂಡಲೇ ಸ್ಟೀಲಿಗೆ ಹಾಕಿದ್ದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ.

ಕಾರಣ ಬದನೆ, ಬಾಳೆಕಾಯಿ ಹೆಚ್ಚಿದವರಿಗೆಲ್ಲ ಪರಿಚಯದ್ದೇ. ಕಾಯಿ ಕತ್ತರಿಸಿದಾಗ ಒಳಗಿನ ಪಾಲಿಫಿನಾಲ್‌ಗಳು ಒಂದು ಕಿಣ್ವದ ಜತೆ ಸೇರಿ ಗಾಳಿಗೆ ಕಂದಾಗುತ್ತವೆ. ಜೋರು ಬಿಸಿ ಆ ಕಿಣ್ವವನ್ನು ಬೇಗ ಕೊಲ್ಲುತ್ತದೆ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಏರಿದರೆ ಅದು ಸಾಯುವ ಮೊದಲು ತನ್ನ ಕೆಲಸ ಮುಗಿಸಿರುತ್ತದೆ. ಕಬ್ಬಿಣವೋ, ಆ ಪಾಲಿಫಿನಾಲ್‌ಗಳ ಜತೆ ನೇರವಾಗಿ ಸೇರಿ ಕಪ್ಪು ಬಣ್ಣ ಕಟ್ಟುತ್ತದೆ. ಕಬ್ಬಿಣದ ಬಾಣಲೆಯ ಬಗ್ಗೆ ಈಗ ಎಲ್ಲರಿಗೂ ಭಕ್ತಿ ಜಾಸ್ತಿ, ನನಗೂ ಇದೆ. ಹೀರೆಗೆ ಮಾತ್ರ ಅದು ಬೇಡ.

ಕುದಿನೀರಿನ ಮುಳುಗನ್ನು ಕೈಬಿಟ್ಟೆ. ಅದರಲ್ಲಿ ಹೋಗುವುದು ನಮಗೆ ಬೇಕಾದ ಹೀರೆಯ ನೀರೇ. ಮಿಕ್ಕೆಲ್ಲ ತಯಾರಾಗಿ ಎಣ್ಣೆ ಕಾದ ಮೇಲೆ ಕಾಯಿ ಹೆಚ್ಚಿದರೆ ಮುಗಿಯಿತು.

ಆಟಿ: ಏಡಿ ಸಾರು, ವಿಯೆಟ್ನಾಂ ದಾರಿಯಲ್ಲಿ

ಉತ್ತರ ವಿಯೆಟ್ನಾಮಿನಲ್ಲಿ ಸೆಕೆಗಾಲದ ಊಟಕ್ಕೆ ಗದ್ದೆ ಏಡಿಯ ಸಾರು ಮಾಡುತ್ತಾರೆ. ಅದಕ್ಕೆ ಬೀಳುವ ತರಕಾರಿ ಬಸಳೆ, ಸೆಣಬಿನ ಎಳೆ ಸೊಪ್ಪು, ತುಪ್ಪದ ಹೀರೆ. ಜತೆಗೆ ಉಪ್ಪಿನಲ್ಲಿ ಹಾಕಿದ ಪುಟ್ಟ ಬದನೆ. ಸೆಣಬಿನ ಸೊಪ್ಪು ನನಗೆ ಸಿಗಲಿಲ್ಲ, ಬಸಳೆಯನ್ನೇ ಹೆಚ್ಚು ಹಾಕಿದೆ.

ಅರ್ಧ ಕಿಲೋ ಗದ್ದೆ ಏಡಿ ತೊಳೆದು, ಮೇಲಿನ ಚಿಪ್ಪು ಬಿಚ್ಚಿ, ಅದರೊಳಗಿನ ಹಳದಿ ಭಾಗ ಬೇರೆ ತೆಗೆದಿಟ್ಟೆ. ಮಿಕ್ಕದ್ದನ್ನು ಒಂದು ಚಮಚ ಉಪ್ಪಿನ ಜತೆ ಕಡೆಯುವ ಕಲ್ಲಿಗೆ ಹಾಕಿ ಜಜ್ಜಿದ್ದು ಅಮ್ಮ. ಏಡಿ ಜಜ್ಜಿ ರಸ ಹಿಂಡುವುದು ಅವರಿಗೇನೂ ಹೊಸತಲ್ಲ. ಒಂದೂಕಾಲು ಲೀಟರ್ ನೀರಿನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿದರೆ ಬೂದು ಬಣ್ಣದ ತೆಳು ನೀರು ಬಂತು. ಇಲ್ಲಿಗೆ ನಮ್ಮ ದಾರಿ, ಅವರ ದಾರಿ ಒಂದೇ. ಇಲ್ಲಿಂದ ಮುಂದೆ ನಾವಾದರೆ ಮಸಾಲೆ ಹಾಕುತ್ತೇವೆ, ಅವರು ಕಾಯುತ್ತಾರೆ.

ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ ಇಟ್ಟು, ತಳ ಹಿಡಿಯದಂತೆ ಮೊದಲು ಸ್ವಲ್ಪ ಹೊತ್ತು ಕೈಯಾಡಿಸಬೇಕು. ಹಬೆ ಏಳತೊಡಗಿದಾಗ ಸೌಟು ತೆಗೆದುಬಿಡಬೇಕು. ನೀರಿನಲ್ಲಿ ಕರಗಿದ್ದ ಏಡಿಯ ಪ್ರೋಟೀನ್ ಬಿಸಿಗೆ ಹೆಪ್ಪುಗಟ್ಟಿ, ಗಿಣ್ಣದ ಹಾಗೆ ಮೆತ್ತಗೆ, ತೇಲಿ ಮೇಲೆ ಬರುತ್ತದೆ. ಜಜ್ಜುವಾಗ ಉಪ್ಪು ಹಾಕುವುದು ಬರೀ ರುಚಿಗಲ್ಲ, ಪ್ರೋಟೀನ್ ನೀರಿಗಿಳಿಯಲಿ ಎಂದೂ ಹೌದು. ಈ ಹೊತ್ತಿಗೆ ಉರಿ ಜೋರಾದರೆ ಹೆಪ್ಪು ಒಡೆದು ಪುಡಿಯಾಗಿ ಸಾರು ಕದಡುತ್ತದೆ. ಅಮ್ಮನ ಕೈ ಅಭ್ಯಾಸಬಲದಿಂದ ಸೌಟಿಗೆ ಹೋಗುತ್ತಿತ್ತು.

"ಹೀಗೇ ನೋಡ್ತಾ ನಿಲ್ಲುದಾ ಮಾರಾಯ?"

"ಹೌದಮ್ಮ, ಸ್ವಲ್ಪ ಹೊತ್ತು."

ಹೆಪ್ಪನ್ನು ಮೆಲ್ಲಗೆ ಒಂದು ಬದಿಗೆ ಸರಿಸಿ, ಆ ಜಾಗದಲ್ಲಿ ಹೀರೆ ಹೋಳು, ಒಂದೆರಡು ನಿಮಿಷದ ಮೇಲೆ ಬಸಳೆಯ ಎಲೆ ಮತ್ತು ಎಳೆ ತುದಿ ಹಾಕಿದೆ. ದಪ್ಪ ದಂಟು ಇಲ್ಲಿ ಆಗುವುದಿಲ್ಲ, ಅದು ಮರುದಿನದ ಪದಾರ್ಥಕ್ಕೆ ಹೋಯಿತು. ತೆಗೆದಿಟ್ಟ ಹಳದಿಯನ್ನು ಸಣ್ಣ ಈರುಳ್ಳಿ ಜತೆ ಎಣ್ಣೆಯಲ್ಲಿ ಬಾಡಿಸಿ ಮೇಲೆ ಸುರಿದು, ಒಂದು ಚಮಚ ಫಿಶ್ ಸಾಸ್. ಬಸಳೆಯ ಲೋಳೆ, ಹೀರೆಯ ಸಿಹಿ, ಏಡಿಯ ಉಪ್ಪು ಮೂರೂ ನಾಲಿಗೆಗೆ ಬೇರೆ ಬೇರೆಯಾಗಿ ಸಿಕ್ಕವು. ಮೆಣಸು, ಹುಳಿ, ತೆಂಗಿನಕಾಯಿ ಇಲ್ಲದ ಸಾರನ್ನು ಅಮ್ಮ ಎರಡನೇ ಸಲ ಬಡಿಸಿಕೊಂಡರು, ಜತೆಗೆ ಮಾವಿನ ಮಿಡಿ.

ಒಂದು ಎಚ್ಚರಿಕೆ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹತ್ತುವ ಚಪ್ಪಟೆ ಹುಳದ ಮರಿ ಇರುವ ಸಾಧ್ಯತೆ ಉಂಟು. ಹೆಪ್ಪು ಗಟ್ಟಿಯಾದ ಮೇಲೆ ಸಾರು ಚೆನ್ನಾಗಿ ಕುದಿಯಲೇಬೇಕು, ಉರಿ ಸಣ್ಣದಿದ್ದರೂ ಸರಿ. ಜಜ್ಜಿದ ಕಲ್ಲು, ಬಟ್ಟೆ, ಕೈಯನ್ನು ಬಿಸಿನೀರು ಸೋಪಿನಲ್ಲಿ ತೊಳೆಯಬೇಕು. ಹಸಿ ರಸ ಸಾರಿನ ಪಾತ್ರೆ ಬಿಟ್ಟು ಬೇರೆಲ್ಲೂ ತಾಗಬಾರದು.

ಸೋಣ: ಮೊಟ್ಟೆ ಹೀರೆ

ಚೀನಾದ ಮನೆಗಳಲ್ಲಿ ಆಫೀಸಿನಿಂದ ಬಂದವರು ಅನ್ನ ಆಗುವುದರೊಳಗೆ ಮಾಡಿ ಮುಗಿಸುವ ಅಡುಗೆ. ಮೂರು ಮೊಟ್ಟೆ, 400 ಗ್ರಾಂ ಹೀರೆ, ನಾಲ್ಕು ಎಸಳು ಬೆಳ್ಳುಳ್ಳಿ.

ಹೋಳು ಮಾಡುವುದರಲ್ಲಿ ಒಂದು ಕೈಚಳಕ ಇದೆ. ಕಾಯಿಯನ್ನು ಮಣೆಯ ಮೇಲೆ ಮಲಗಿಸಿ ಓರೆಯಾಗಿ ಒಂದು ಕೊಯ್ತ, ಕಾಲು ಸುತ್ತು ಉರುಳಿಸಿ ಮತ್ತೊಂದು ಓರೆ ಕೊಯ್ತ. ಹೀಗೆ ಮಾಡಿದರೆ ಪ್ರತಿ ಹೋಳಿಗೂ ಸ್ವಲ್ಪ ಹಸಿರು ಮೈ, ಸ್ವಲ್ಪ ಬಿಳಿ ತಿರುಳು ಬರುತ್ತದೆ. ಮೈ ಹೋಳನ್ನು ಹಿಡಿದು ನಿಲ್ಲಿಸುತ್ತದೆ, ತಿರುಳು ಕರಗುತ್ತದೆ. ಬಿಲ್ಲೆ ಕೊಯ್ದರೆ ನಡುವಿನ ತಿರುಳು ಕಳಚಿಕೊಂಡು ಬಳೆಗಳಷ್ಟೇ ಉಳಿಯುತ್ತವೆ.

ಮೊದಲು ಮೊಟ್ಟೆ. ಎರಡು ದೊಡ್ಡ ಚಮಚ ಎಣ್ಣೆ ಹೊಗೆಯಾಡುವ ಹಂತಕ್ಕೆ ಬರಲಿ, ಉಪ್ಪು ಹಾಕಿ ಕಡೆದ ಮೊಟ್ಟೆ ಸುರಿದ ತಕ್ಷಣ ಉಬ್ಬಬೇಕು. ಮುಕ್ಕಾಲು ಗಟ್ಟಿಯಾದಾಗ ತೆಗೆದುಬಿಡಿ. ಅದೇ ಬಾಣಲೆಗೆ ಚೂರು ಎಣ್ಣೆ, ಬೆಳ್ಳುಳ್ಳಿ, ಹೀರೆ, ಉಪ್ಪು, ಎರಡು ನಿಮಿಷ ಜೋರು ಉರಿ. ಒಂದು ನಿಮಿಷ ಮುಚ್ಚಿ ತೆಗೆದಾಗ ತಳದಲ್ಲಿ ನಾಲ್ಕೈದು ಚಮಚ ನೀರು ನಿಂತಿತ್ತು. ದೋಷ ಎಂದು ಬರೆದುಕೊಂಡಿದ್ದೆನಲ್ಲ, ಅದೇ ನೀರು. ಒಂದು ಚಹಾ ಚಮಚ ಕಾರ್ನ್‌ಫ್ಲೋರನ್ನು ಎರಡು ಚಮಚ ನೀರಿನಲ್ಲಿ ಕಲಕಿ ಹೊಯ್ದರೆ ಅರ್ಧ ನಿಮಿಷದಲ್ಲಿ ಅದು ಹೊಳೆಯುವ ತೆಳು ಗೊಜ್ಜಾಗಿ ಹೋಳಿಗೆ ಅಂಟಿತು. ಮೊಟ್ಟೆ ವಾಪಸ್ ಹಾಕಿ, ಬಿಳಿ ಮೆಣಸಿನ ಪುಡಿ ಉದುರಿಸಿ ಇಳಿಸುವುದು. ಮುಕ್ಕಾಲು ಗಟ್ಟಿಯಾಗಿದ್ದ ಮೊಟ್ಟೆಯ ಮಿಕ್ಕ ಕಾಲು ಭಾಗ ಈ ಗೊಜ್ಜನ್ನು ಹೀರಿ ಬೇಯುತ್ತದೆ.

ಸೋಯಾ ಸಾಸ್ ಹಾಕಬೇಡಿ. ಬಣ್ಣಕ್ಕಾಗಿ ಇಷ್ಟೆಲ್ಲ ಒದ್ದಾಡಿ ಕೊನೆಗೆ ಕರಿನೀರು ಸುರಿಯುವುದರಲ್ಲಿ ಅರ್ಥವಿಲ್ಲ. ಮುಚ್ಚಳವೂ ಒಂದು ನಿಮಿಷ ದಾಟಬಾರದು. ಕಾಯಿ ಬೇಯುವಾಗ ಏಳುವ ಆಮ್ಲದ ಹಬೆ ಒಳಗೇ ಉಳಿದರೆ ಪತ್ರಹರಿತ್ತು ಕೆಟ್ಟು ಹಸಿರು ಮಾಸುತ್ತದೆ. ಮನೆಯ ಗ್ಯಾಸ್ ಒಲೆಗೆ ಹೋಟೆಲ್ ಒಲೆಯ ರಭಸ ಇಲ್ಲದ್ದರಿಂದ 400 ಗ್ರಾಂ ಮೀರಿದರೆ ಎರಡು ಕಂತಿನಲ್ಲಿ ಮಾಡುವುದೇ ಒಳ್ಳೆಯದು.

ಮೊಟ್ಟೆ ಬೇಡದವರಿಗೆ, ಏಡಿ ಮೊಟ್ಟೆ ಎರಡೂ ಸಾಕಾದ ದಿನಕ್ಕೆ, ಚೀನಾದವರದೇ ಇನ್ನೊಂದು ದಾರಿ: ಒಣ ಸಿಗಡಿ. ನಮ್ಮ ಒಣ ಎಟ್ಟಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಬೆಳ್ಳುಳ್ಳಿ ಜತೆ ಹುರಿದು ಹೀರೆ ಹಾಕಿದೆ. ನೆನೆಸಿದ ನೀರು ಚೆಲ್ಲಲಿಲ್ಲ, ಗೊಜ್ಜಿಗೆ ಅದನ್ನೇ ಹೊಯ್ದೆ. ಎಟ್ಟಿ ಚಟ್ನಿ ತಿಂದು ಬೆಳೆದವರಿಗೆ ಇದನ್ನು ಪರಿಚಯಿಸುವ ಅಗತ್ಯವೇ ಬೀಳುವುದಿಲ್ಲ.

ಸೋಣ: ಇಡ್ಲಿ ಪಾತ್ರೆಯಲ್ಲಿ

ಗ್ವಾಂಗ್‌ಡಾಂಗ್ ರೀತಿ ಬೆಳ್ಳುಳ್ಳಿ ಹಾಕಿ ಹಬೆಯಲ್ಲಿ ಬೇಯಿಸುವುದು. ಏಣಿನ ಹೀರೆಯನ್ನು ಎರಡು ಬೆರಳಗಲದ ತುಂಡು ಮಾಡಿ ತಟ್ಟೆಯಲ್ಲಿ ನಿಲ್ಲಿಸಬೇಕು. ತುಂಡುಗಳ ಅಡಿಗೆ, ನೆನೆಸಿದ ಹೆಸರುಕಾಳಿನ ಗಾಜಿನಂಥ ನೂಡಲ್ಸ್. ನೀರು ಬಿಡುವ ಕಾಯಿಯ ಕೆಳಗೆ ನೀರು ಕುಡಿಯುವ ನೂಡಲ್ಸ್ ಹಾಸಿದವರು ಯಾರೋ, ಅವರಿಗೆ ದೊಡ್ಡ ನಮಸ್ಕಾರ. ಹೀರೆಯಿಂದ ಇಳಿದದ್ದು ಒಂದು ಹನಿಯೂ ತಟ್ಟೆಯಲ್ಲಿ ಉಳಿಯಲಿಲ್ಲ.

ಜಜ್ಜಿದ ಬೆಳ್ಳುಳ್ಳಿಯಲ್ಲಿ ಅರ್ಧವನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಹಸಿಯಾಗಿಟ್ಟ ಇನ್ನರ್ಧದ ಜತೆ ಬೆರೆಸಿ ತುಂಡುಗಳ ತಲೆಗೆ ಇಟ್ಟೆ. ಪಾತ್ರೆಯ ನೀರು ಮೊದಲೇ ಕುದಿಯುತ್ತಿರಬೇಕು, ಆರು ನಿಮಿಷ ಸಾಕು. ಇಳಿಸಿ ಒಂದು ಚಮಚ ಸೋಯಾ ಸಾಸನ್ನು ತಟ್ಟೆಯ ಅಂಚಿನಿಂದ ನೂಡಲ್ಸಿಗೆ ಮಾತ್ರ ಇಳಿಯುವಂತೆ ಹೊಯ್ದು, ಮೇಲಿನಿಂದ ಚುರ್ ಎನ್ನುವ ಬಿಸಿ ಎಣ್ಣೆ. "ಒಗ್ಗರಣೆ ಕೊನೆಗೂ ಬಂತು" ಎಂದರು ಅಮ್ಮ.

ಇದೇ ನೆಂಟಸ್ತಿಕೆಯ ಇನ್ನೊಂದು ಅಡುಗೆ ಫಿಲಿಪ್ಪೀನ್ಸಿನದು, ಹೀರೆ ಸಾರಿಗೆ ಎಳೆ ಎಳೆಯಾದ ಗೋಧಿ ಶ್ಯಾವಿಗೆ ಹಾಕುವುದು. ಉತ್ತರ ಕರ್ನಾಟಕದ ಗೋಧಿ ಶ್ಯಾವಿಗೆ ಹಾಕಿ ನೋಡಿದೆ, ರುಚಿಯಾಗಿಯೇ ಬಂತು. ಬಡಿಸುವುದು ತಡವಾದರೆ ಸಾರೆಲ್ಲ ಕುಡಿದು ಉಪ್ಪಿಟ್ಟಾಗುತ್ತದೆ, ಅಷ್ಟೆ.

ನವರಾತ್ರಿ: ಮಿಸೋ, ತೋಫು

ನವರಾತ್ರಿಗೆ ಮನೆಯಲ್ಲಿ ಮೀನು ಮಾಂಸ ಇಲ್ಲ. ಹಾಗಾಗಿ ಒಕಿನಾವಾ ಸರದಿ. ಜಪಾನಿನ ಮುಖ್ಯ ದ್ವೀಪಗಳಲ್ಲಿ ಹೀರೆಯನ್ನು ಹೆಚ್ಚಾಗಿ ಮೈಯುಜ್ಜುವ ನಾರಿಗೆ, ಬಳ್ಳಿ ಕೊಯ್ದಾಗ ಒಸರುವ ನೀರನ್ನು ಚರ್ಮಕ್ಕೆ ಹಚ್ಚಲಿಕ್ಕೆ ಬೆಳೆಸುತ್ತಿದ್ದರು. ಒಕಿನಾವಾದಲ್ಲಿ ಅದು ಬೇಸಿಗೆಯ ನಿತ್ಯದ ತರಕಾರಿ, ಹೆಸರು ನಾಬೇರಾ. ಅದನ್ನು ಗಟ್ಟಿ ತೋಫು (ಸೋಯಾ ಹಾಲಿನ ಪನೀರ್) ಮತ್ತು ಮಿಸೋ (ಹುದುಗು ಬರಿಸಿದ ಸೋಯಾ ಹಿಟ್ಟು) ಜತೆ ಮುಚ್ಚಿ ಬೇಯಿಸುತ್ತಾರೆ. ಹಂದಿಮಾಂಸ ಹಾಕುವುದೂ ಉಂಟು, ಹಾಕದೆಯೂ ಆಗುತ್ತದೆ.

ಅಂದಾಜಿನ ಮಾತು ಬೇಡ, ಅಳೆದೇ ನೋಡೋಣ ಎಂದು 500 ಗ್ರಾಂ ತುಪ್ಪದ ಹೀರೆಯ ದಪ್ಪ ಬಿಲ್ಲೆಗಳನ್ನು ಎಣ್ಣೆಯಲ್ಲಿ ಒಂದು ನಿಮಿಷ ಹೊರಳಿಸಿ, ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ ಎಂಟು ನಿಮಿಷ ಇಟ್ಟೆ. ಬಸಿದಾಗ ಅಳತೆ ಲೋಟದಲ್ಲಿ ಸುಮಾರು 150 ಮಿ.ಲೀ. ನಿಂತಿತು. ತಿಳಿ ಹಸಿರು, ಮೂಸಿದರೆ ಎಳೆ ಜೋಳದ ವಾಸನೆ. ಬಿಸಿಗೆ ಜೀವಕೋಶದ ಗೋಡೆ ಸಡಿಲಾಗಿ ನೀರು ಹೊರಬಿದ್ದಾಗ ಕಾಯಿಯ ಸಕ್ಕರೆಯೂ ಜತೆಗೇ ಇಳಿದಿರುತ್ತದೆ. ನಾವು ಪಲ್ಯಕ್ಕೆ ಆರಿಸುವುದು ಇದನ್ನೇ.

ಆ ನೀರಿನಲ್ಲಿ ಎರಡು ದೊಡ್ಡ ಚಮಚ ಮಿಸೋ ಮತ್ತು ಒಂದು ಚಿಟಿಕೆ ಸಕ್ಕರೆ ಕಲಕಿದೆ. 200 ಗ್ರಾಂ ತೋಫುವನ್ನು ಚಾಕು ಮುಟ್ಟಿಸದೆ ಕೈಯಲ್ಲೇ ಮುರಿದು ಬಾಣಲೆಗೆ ಹಾಕಿದೆ. ಮುರಿದ ಒರಟು ಮೈಗೆ ರಸ ಚೆನ್ನಾಗಿ ಹಿಡಿಯುತ್ತದೆ. ಮಿಸೋ ನೀರನ್ನು ಕೊನೆಯ ಎರಡು ನಿಮಿಷಕ್ಕೆ ಮಾತ್ರ ಸೇರಿಸಬೇಕು, ಬಹಳ ಕುದಿಸಿದರೆ ಘಮ ಹೋಗುತ್ತದೆ. ಬೇರೆ ಉಪ್ಪು ಬೇಡವೇ ಬೇಡ. ಮಿಸೋದಲ್ಲಿ ಸಾಮಾನ್ಯವಾಗಿ ಶೇ 12ರ ಆಸುಪಾಸು ಉಪ್ಪೇ ಇರುತ್ತದೆ. ಮಿಸೋ ಬದಲಿಗೆ ಬೇರೇನಾದರೂ ಆಗುತ್ತದಾ ಎಂದು ಕೇಳಿದರೆ, ಇಲ್ಲ. ಆನ್‌ಲೈನಿನಲ್ಲಿ ತರಿಸಿ, ಒಂದು ಡಬ್ಬ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಬಣ್ಣದ ವಿಚಾರ ಇಲ್ಲಿ ಬಿಟ್ಟುಬಿಡಬೇಕು. ಎಂಟು ನಿಮಿಷ ಮುಚ್ಚಿ, ಮಿಸೋ ಹಾಕಿದ ಮೇಲೆ ಹಸಿರು ಕೇಳುವುದು ಅತಿಯಾಸೆ.

ದಸರಾ ಕಳೆದು: ಮರುವಾಯಿ

ತೈವಾನಿನಲ್ಲಿ ಹೀರೆಗೆ ಜೋಡಿ ಎಂದರೆ ಚಿಪ್ಪು. ಅವರು ಬಳಸುವುದು ಮೆರೆಟ್ರಿಕ್ಸ್ ಎಂಬ ಕುಲದ್ದು, ನಮ್ಮ ಅಳಿವೆಗಳಲ್ಲಿ ಸಿಗುವ ಮರುವಾಯಿಯಲ್ಲೂ ಆ ಕುಲದ್ದುಂಟು. ಇಲ್ಲಿ ಮರುವಾಯಿ ಎಂದರೆ ಸುಕ್ಕ, ತೆಂಗಿನ ತುರಿ ಬಿಟ್ಟು ಅದನ್ನು ಯೋಚಿಸಿದವರೇ ಕಡಿಮೆ.

ಅರ್ಧ ಕಿಲೋ ಮರುವಾಯಿಯನ್ನು ಲೀಟರಿಗೆ 30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಮೇಲೆ ಬಟ್ಟೆ ಮುಚ್ಚಿ, ಮೂರು ಗಂಟೆ ಬಿಟ್ಟೆ. ಸಮುದ್ರದ ನೀರಿನಷ್ಟೇ ಉಪ್ಪು ಮತ್ತು ಕತ್ತಲೆ ಸಿಕ್ಕರೆ ಅವು ಬಾಯಿ ತೆರೆದು ಮರಳು ಉಗುಳುತ್ತವೆ. ಪಾತ್ರೆಯ ತಳ ಮುಟ್ಟಿದರೆ ನುಣ್ಣನೆ ಹೊಯಿಗೆ. ಬೇಯುವ ಮೊದಲೇ ಬಾಯಿ ಬಿಟ್ಟು ತಟ್ಟಿದರೂ ಮುಚ್ಚದವು, ಬೆಂದ ಮೇಲೂ ತೆರೆಯದವು ಎರಡೂ ಕಸಕ್ಕೆ.

ಒಂದು ದೊಡ್ಡ ಚಮಚ ಎಣ್ಣೆ, ಕಡ್ಡಿಯಂತೆ ಸೀಳಿದ ಧಾರಾಳ ಶುಂಠಿ, 500 ಗ್ರಾಂ ತುಪ್ಪದ ಹೀರೆಯ ಅರ್ಧಚಂದ್ರ ಹೋಳು. ಒಂದು ನಿಮಿಷ ಜೋರು ಉರಿ, ನಂತರ ಮುಚ್ಚಿ ನಾಲ್ಕು ನಿಮಿಷ. ಹೀರೆ ಮುಕ್ಕಾಲು ಬೆಂದು ತಳದಲ್ಲಿ ರಸ ಕಂಡಾಗ ಮರುವಾಯಿಯನ್ನು ಮೇಲೆ ಹರಡಿ ಮತ್ತೆ ಮುಚ್ಚಿದೆ. ಎರಡು ನಿಮಿಷಕ್ಕೆ ಮುಚ್ಚಳದೊಳಗೆ ಟಕ್ ಟಕ್ ಶುರು. ಒಂದೊಂದು ಚಿಪ್ಪು ತೆರೆದಾಗಲೂ ಅದರೊಳಗಿನ ಉಪ್ಪು ರಸ ಹೀರೆಯ ಸಿಹಿ ನೀರಿಗೆ ಇಳಿಯುತ್ತದೆ. ಎಲ್ಲ ತೆರೆದ ಕೂಡಲೇ ಒಲೆ ಆರಿಸಬೇಕು, ಇನ್ನೊಂದು ನಿಮಿಷ ಬಿಟ್ಟರೆ ಮಾಂಸ ರಬ್ಬರ್. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕುವುದು. ನನ್ನ ಬಾಣಲೆಗೆ ಬೇಕಾಗಲಿಲ್ಲ. ಅವರು ಹಾಕುವ ಅಕ್ಕಿಯ ಮದ್ಯವನ್ನು ನಾನು ಬಿಟ್ಟೆ, ಬಿಳಿ ಮೆಣಸಿನ ಪುಡಿ ಮಾತ್ರ ಹಾಕಿದೆ.

ಗೊಜ್ಜು ಗಟ್ಟಿ ಮಾಡುವ ಕಾರ್ನ್‌ಫ್ಲೋರ್ ಇದಕ್ಕೆ ಬೇಡ. ರಸ ತೆಳ್ಳಗೇ ಇರಲಿ, ಕುಚ್ಚಲಕ್ಕಿ ಅನ್ನದ ಮೇಲೆ ಹೊಯ್ದುಕೊಳ್ಳುವುದಕ್ಕೆ ಅದೇ ಚೆಂದ. ಅಮ್ಮ ಚಿಪ್ಪು ಒಂದೊಂದಾಗಿ ಬಿಡಿಸಿ ತಿಂದು, "ಪದಾರ್ಥ ಒಳ್ಳೆದುಂಟು, ಆದ್ರೆ ನಾಳೆ ಉಳಿದ ಮರುವಾಯಿಗೆ ಸುಕ್ಕ" ಎಂದರು. ಉಳಿದದ್ದು ಹಿಡಿಯಷ್ಟು, ಸುಕ್ಕಕ್ಕೆ ಸಾಲದು.

ಮರುದಿನಕ್ಕೆ ಉಳಿಸುವುದಾದರೆ ಮಿಸೋ ಹೀರೆ ಒಂದೇ ಸರಿ, ಡಬ್ಬಿಗೂ ಹೋಗುತ್ತದೆ. ಮೊಟ್ಟೆಯದು ಬಿಸಿ ಮಾಡಿದರೆ ಮತ್ತೆ ನೀರು ಬಿಟ್ಟು ಗೊಜ್ಜು ಒಡೆಯುತ್ತದೆ, ಮರುವಾಯಿಯದನ್ನು ಅದೇ ಊಟಕ್ಕೆ ಮುಗಿಸಬೇಕು. ಹೆಚ್ಚಿದ ಹಸಿ ಹೀರೆಯನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಇಡೀ ಕಾಯಿಯಾದರೆ ಕಾಗದದಲ್ಲಿ ಸುತ್ತಿ ತರಕಾರಿ ಡ್ರಾಯರಿನಲ್ಲಿ ಮೂರ್ನಾಲ್ಕು ದಿನ, ಅದಕ್ಕಿಂತ ಹೆಚ್ಚಾದರೆ ಮೈ ಸುಕ್ಕಾಗಿ ನೀರು ಅಲ್ಲೇ ಹೋಗಿರುತ್ತದೆ.